ಬೆಕ್ಕು ಸಣ್ಣ ದನವಲ್ಲ: ಹೊಟ್ಟೆಯ ಆಪರೇಷನ್ ಆದ ಮೇಲಿನ ಹದಿನಾಲ್ಕು ದಿನ

ತಾಳಗುಂದಕ್ಕೆ ಬರುವವರು ಪ್ರಣವೇಶ್ವರ ದೇವಸ್ಥಾನದ ಮುಂದಿನ ಶಾಸನದ ಕಂಬ ನೋಡಲು ಬರುತ್ತಾರೆ. ಈಚೆಗೆ ಸಿಂಹವನ್ನು ಕೇಳಿಕೊಂಡು ಬರುವವರೂ ಇದ್ದಾರೆ. 2013–14ರ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರದು, ಹಲ್ಮಿಡಿಗಿಂತಲೂ ಹಳೆಯದು ಎಂದು ಪತ್ರಿಕೆಗಳಲ್ಲಿ ಬಂದ ಮೇಲೆ ಹೀಗಾಗಿದೆ. ನಾನು ಹೇಳಹೊರಟಿರುವುದು ಆ ಸಿಂಹದ ಕಿರಿಯ ದಾಯಾದಿಯ ವಿಷಯ. ಅದೇ ಊರಿನ ನಮ್ಮ ದೊಡ್ಡಮ್ಮನ ಮನೆಯ ಬೆಕ್ಕು.

ಅದಕ್ಕೆ ಹೆಸರಿರಲಿಲ್ಲ. ಭತ್ತದ ಚೀಲಕ್ಕೆ ಇಲಿ ಬೀಳದಂತೆ ನೋಡಿಕೊಳ್ಳುವ ಬೆಕ್ಕಿಗೆ ಹೆಸರೇಕೆ? ಒಂದು ಮಳೆಗಾಲದಲ್ಲಿ ಅದು ಊಟ ಬಿಟ್ಟಿತು, ವಾಂತಿ ಮಾಡಿತು, ಬಚ್ಚಲೊಲೆಯ ಹಿಂದೆ ಮುದುರಿ ಕೂತಿತು. "ಮೂರು ದಿನ ಆತು ಮಗಾ, ಹಾಲೂ ಮುಟ್ಟಿಲ್ಲ ನೋಡು" ಎಂದು ದೊಡ್ಡಮ್ಮ ಫೋನ್ ಮಾಡಿದಾಗ ನಾನು ಹೋದೆ. ಬಾಯಿ ಬಿಡಿಸಿದರೆ ನಾಲಿಗೆಯ ಬುಡಕ್ಕೆ ಹೂ ಕಟ್ಟುವ ದಾರ ಸುತ್ತಿಕೊಂಡಿತ್ತು, ಇನ್ನೊಂದು ತುದಿ ಗಂಟಲೊಳಗೆ. ಎಳೆಯಲು ಕೈ ಹಾಕಿದ್ದೆ, ಪುಣ್ಯಕ್ಕೆ ಎಳೆಯಲಿಲ್ಲ. ಲಂಗದ ಲಾಡಿ ಎಳೆದರೆ ಬಟ್ಟೆ ನೆರಿಗೆಗಟ್ಟುವ ಹಾಗೆ ಕರುಳು ಆ ದಾರದ ಮೇಲೆ ನೆರಿಗೆಗಟ್ಟಿತ್ತು. ಎಳೆದಿದ್ದರೆ ದಾರ ಕರುಳನ್ನು ಗರಗಸದಂತೆ ಕೊಯ್ಯುತ್ತಿತ್ತು. ಬಾಯಲ್ಲಾಗಲಿ ಗುದದಲ್ಲಾಗಲಿ ದಾರ ಕಂಡರೆ ಎಳೆಯಬೇಡಿ, ಡಾಕ್ಟರ ಬಳಿ ಓಡಿ.

ಶಿರಾಳಕೊಪ್ಪ, ಶಿಕಾರಿಪುರ ದಾಟಿ ಶಿವಮೊಗ್ಗ ಮುಟ್ಟುವ ಹೊತ್ತಿಗೆ ದೊಡ್ಡಮ್ಮ ನಾಲ್ಕು ಸಲ ಕೇಳಿದ್ದರು, "ಬೆಕ್ಕಿಗೆ ಯಾರಾದ್ರೂ ಆಪರೇಷನ್ ಮಾಡಿಸ್ತಾರೇನು?" ಚೀಟಿ ಬರೆಯುವವರು ಹೆಸರು ಕೇಳಿದಾಗ, "ಬೆಕ್ಕು ಅಂತಲೇ ಬರ್ಕೊಳ್ರಿ" ಎಂದರು. ಹೊಟ್ಟೆ ಬಿಚ್ಚಿ, ಕರುಳನ್ನು ಎರಡು ಕಡೆ ಸೀಳಿ, ದಾರ ತೆಗೆದು ಹೊಲಿದರು. ಎರಡನೆಯ ದಿನ ಮನೆಗೆ ಕಳಿಸಿದರು. ನಿಜವಾದ ಪರೀಕ್ಷೆ ಅಲ್ಲಿಂದ ಶುರುವಾಯಿತು. ದನ ಕಟ್ಟಿದ ಮನೆಯಲ್ಲಿ ಗಾಯಕ್ಕೆ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಆ ತಿಳಿವಳಿಕೆಯೇ ಬೆಕ್ಕಿಗೆ ಅಪಾಯ.

ಸಂತಾನಹರಣ, ಗರ್ಭಕೋಶದಲ್ಲಿ ಕೀವು ತುಂಬಿದಾಗಿನ ಶಸ್ತ್ರಚಿಕಿತ್ಸೆ, ಸಿಸೇರಿಯನ್, ಮೂತ್ರಕೋಶದ ಕಲ್ಲು, ಕರುಳಲ್ಲಿ ಸಿಕ್ಕಿದ ವಸ್ತು: ಕಾರಣ ಯಾವುದೇ ಇರಲಿ, ಹೊಕ್ಕುಳ ಸಾಲಿನಲ್ಲಿ ಹೊಟ್ಟೆ ಸೀಳಿದ ಬೆಕ್ಕಿನ ಆರೈಕೆ ಬಹುಪಾಲು ಒಂದೇ. ಹೊಲಿಗೆ ಪದರ ಪದರವಾಗಿ ಇರುತ್ತದೆ. ಸ್ನಾಯುವಿನ ಗಟ್ಟಿ ಪೊರೆಗೆ ಒಂದು, ಅದರ ಮೇಲಿನ ಕೊಬ್ಬಿಗೆ ಒಂದು, ಚರ್ಮಕ್ಕೆ ಒಂದು. ನಮಗೆ ಕಾಣುವುದು ಚರ್ಮದ್ದು ಮಾತ್ರ. ಅದು ಹತ್ತರಿಂದ ಹದಿನಾಲ್ಕು ದಿನಕ್ಕೆ ಕೂಡುತ್ತದೆ. ಹೊಟ್ಟೆಯ ಭಾರವನ್ನೆಲ್ಲ ಹೊರುವ ಒಳಪೊರೆ ಅಷ್ಟರಲ್ಲಿ ಪೂರ್ತಿ ಗಟ್ಟಿಯಾಗಿರುವುದಿಲ್ಲ. (ಒಳಹೊಲಿಗೆಗೆ ಹಿಂದೆ ಬಳಸುತ್ತಿದ್ದ ದಾರದ ಹೆಸರು ಕ್ಯಾಟ್‌ಗಟ್. ಹೆಸರಲ್ಲಿ ಬೆಕ್ಕಿದ್ದರೂ ಅದನ್ನು ಮಾಡುತ್ತಿದ್ದದ್ದು ಕುರಿ, ದನಗಳ ಕರುಳಿನಿಂದ. ದೊಡ್ಡಮ್ಮನಿಗೆ ಇದನ್ನು ಹೇಳಲಿಲ್ಲ.)

ಮೊದಲ ರಾತ್ರಿ

ಅರಿವಳಿಕೆಯ ಮಂಪರು ಪೂರ್ತಿ ಇಳಿಯಲು ಒಂದು ದಿನ ಹಿಡಿಯಬಹುದು. ಬೆಕ್ಕು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತದೆ, ಕಣ್ಣಿನ ಮೂಲೆಯಿಂದ ಬಿಳಿ ಪೊರೆ ಅರ್ಧ ಮುಚ್ಚಿರುತ್ತದೆ, ಎದ್ದರೆ ಕುಡಿದವರಂತೆ ವಾಲುತ್ತದೆ. ಗಾಬರಿ ಬೇಡ. ಮಂಚ, ಕುರ್ಚಿಯ ಮೇಲೆ ಮಲಗಿಸಬೇಡಿ, ಬಿದ್ದರೆ ಹೊಲಿಗೆ ಹೋಗುತ್ತದೆ. ನೆಲದ ಮೇಲೆ ರಟ್ಟು, ಅದರ ಮೇಲೆ ಮೆತ್ತನೆಯ ಹಳೇ ಹತ್ತಿ ಸೀರೆ ಸಾಕು. ಗೋಣಿಚೀಲ ಬೇಡ, ಅದರ ನಾರು ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ.

ಹೊಟ್ಟೆಯ ಕೂದಲು ಬೋಳಿಸಿರುವುದರಿಂದ ಚಳಿ ಬೇಗ ತಾಗುತ್ತದೆ. ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಿ, ಬೇಡವೆನಿಸಿದರೆ ಸರಿದುಕೊಳ್ಳಲು ಜಾಗವಿರಲಿ. ಮಂಪರಿನಲ್ಲಿರುವ ಪ್ರಾಣಿಗೆ ಮೈ ಸುಡುತ್ತಿರುವುದು ತಿಳಿಯುವುದಿಲ್ಲ. ನೆಟ್ಟಗೆ ನಿಂತು ನಡೆಯುವವರೆಗೆ ಬಾಯಿಗೆ ಏನನ್ನೂ ಸುರಿಯಬೇಡಿ. ಆಮೇಲೆ ಮೊದಲು ಎರಡು ಚಮಚ ನೀರು, ಅದು ನಿಂತರೆ ಒಂದು ಚಮಚ ಊಟ. ಕರುಳಿನ ಆಪರೇಷನ್ ಆಗಿದ್ದರೆ ಊಟ ಯಾವಾಗ ಶುರು ಮಾಡಬೇಕೆಂಬುದನ್ನು ಡಾಕ್ಟರೇ ಹೇಳುತ್ತಾರೆ, ಅದನ್ನು ಬರೆಸಿಕೊಂಡು ಬನ್ನಿ.

ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಇನ್ನೊಂದು ವಿಚಿತ್ರ ನೋಡುತ್ತೀರಿ. ನಿನ್ನೆಯವರೆಗೆ ಒಟ್ಟಿಗೆ ಮಲಗುತ್ತಿದ್ದದ್ದು ಇವತ್ತು ಬುಸ್ಸೆನ್ನುತ್ತದೆ. ಆಸ್ಪತ್ರೆಯ ವಾಸನೆಗೆ ಅದಕ್ಕೆ ಗುರುತೇ ಸಿಗುವುದಿಲ್ಲ. ಬೇರೆ ಬೇರೆ ಇಡಿ.

ಅಟ್ಟ, ಒಲೆ, ನೊಣ

ನಮ್ಮ ಕಡೆಯ ಹೆಂಚಿನ ಮನೆ ಬೆಕ್ಕಿಗೆಂದೇ ಕಟ್ಟಿದಂತಿದೆ. ಚೀಲದ ಸಾಲಿನಿಂದ ಅಟ್ಟ, ಅಟ್ಟದಿಂದ ಜಂತಿ, ಜಂತಿಯಿಂದ ಹೆಂಚು. ಹೊಲಿಗೆ ಹಾಕಿದ ಹೊಟ್ಟೆಗೆ ಇದರಷ್ಟು ಕೆಟ್ಟದ್ದು ಇಲ್ಲ. ಹತ್ತರಿಂದ ಹದಿನಾಲ್ಕು ದಿನ ಹಾರುವಂತಿಲ್ಲ, ಹತ್ತುವಂತಿಲ್ಲ, ಹೊರಗೆ ಬಿಡುವಂತಿಲ್ಲ. ತಾರಸಿ ಹಾಕಿದ ಸಣ್ಣ ಕೋಣೆ ಇದ್ದರೆ ಸರಿ. ಇಲ್ಲದಿದ್ದರೆ ನಾಯಿ ಸಾಕಿದವರ ಮನೆಯಿಂದ ದೊಡ್ಡ ಪಂಜರ ಎರವಲು ತನ್ನಿ. ಬೆಕ್ಕು ಎರಡು ದಿನ ಕಾಲು ಸುಟ್ಟುಕೊಂಡಂತೆ ಸುತ್ತುತ್ತದೆ, ಕೂಗುತ್ತದೆ, ಕರುಣೆ ಬರಿಸುತ್ತದೆ. ಕರಗಬೇಡಿ. ಮೂರನೆಯ ದಿನ ಅದು ಚೆನ್ನಾಗಿದ್ದಂತೆ ಕಾಣುತ್ತದಲ್ಲ, ಹೆಚ್ಚಿನ ಅನಾಹುತ ಆಗುವುದು ಆಗಲೇ.

ಬಚ್ಚಲೊಲೆಯ ಬೆಚ್ಚನೆ ಬೂದಿ ಮಲೆನಾಡಿನ ಬೆಕ್ಕಿಗೆ ಸ್ವರ್ಗ. ಆದರೆ ಬೂದಿ, ಮಸಿ, ಕೆಂಡದ ಚೂರು ಯಾವುದೂ ಹಸಿ ಹೊಲಿಗೆಗೆ ತಾಗಬಾರದು. ಬಚ್ಚಲಿನ ಬಾಗಿಲು ಹಾಕಿ.

ನೊಣದ ಮಾತು ಇನ್ನೂ ಮುಖ್ಯ. ಕೊಟ್ಟಿಗೆ ಪಕ್ಕದಲ್ಲಿರುವ ಮನೆಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಒದ್ದೆಯಾದ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳಬಹುದು. ನಾವು ಮಾಡಿದ್ದು ಇಷ್ಟೇ: ಎಳೆಕೂಸಿನ ಮೇಲೆ ಕವುಚುವ ಛತ್ರಿಯಂಥ ಸೊಳ್ಳೆಪರದೆಯನ್ನು ಹಗಲಿಡೀ ಪಂಜರದ ಮೇಲೆ ಮುಚ್ಚಿದೆವು. ಹುಳ ಕಂಡರೆ ದನಕ್ಕೆ ಹಾಕುವಂತೆ ಟರ್ಪೆಂಟೈನ್ ಹಾಕಬೇಡಿ, ಅದು ಬೆಕ್ಕಿಗೆ ವಿಷ. ದನದ ಗಾಯಕ್ಕೆ ಹೊಡೆಯುವ ಸ್ಪ್ರೇ, ಉಣುಗಿಗೆ ಹಚ್ಚುವ ಔಷಧಿ ಇವುಗಳ ಹತ್ತಿರವೂ ಬೆಕ್ಕನ್ನು ಬಿಡಬೇಡಿ. ನಾಯಿ, ದನಗಳ ಮೇಲೆ ಬಳಸುವ ಪರ್ಮೆಥ್ರಿನ್ ಬೆಕ್ಕಿನಲ್ಲಿ ಫಿಟ್ಸ್ ತರಿಸುತ್ತದೆ. ನೆಲ ಒರೆಸುವ ಫಿನಾಯಿಲೂ ಆ ಕೋಣೆಗೆ ಬೇಡ. ಬೆಕ್ಕು ಮೆಟ್ಟಿದ್ದನ್ನೆಲ್ಲ ಆಮೇಲೆ ನೆಕ್ಕುತ್ತದೆ. ಸೋಪಿನ ನೀರು ಸಾಕು.

ಶೌಚದ ಪ್ರಶ್ನೆಯನ್ನು ಊರಬೆಕ್ಕು ಸಾಕಿದವರೇ ಕೇಳುತ್ತಾರೆ. ಅದಕ್ಕೆ ಗೊತ್ತಿರುವುದು ಹಿತ್ತಲ ಮಣ್ಣು ಮಾತ್ರ. ಆದರೆ ಮಣ್ಣು, ಮರಳು, ಮರದ ಹೊಟ್ಟು ಗಾಯಕ್ಕೆ ಅಂಟುತ್ತವೆ. ಅಂಚು ತಗ್ಗಿರುವ ಟ್ರೇಯಲ್ಲಿ ಹರಿದ ಹಳೇ ಪತ್ರಿಕೆ ತುಂಬಿ, ಅದು ಯಾವಾಗಲೂ ಹೋಗುವ ಜಾಗದ ಮಣ್ಣನ್ನು ಒಂದು ಮುಷ್ಟಿ ಮಾತ್ರ ಒಂದು ಮೂಲೆಗೆ ಹಾಕಿ. ವಾಸನೆ ಹಿಡಿದು ತಾನೇ ಕಲಿಯುತ್ತದೆ. ನಮ್ಮದು ಎರಡನೆಯ ಸಲಕ್ಕೇ ಕಲಿಯಿತು. ಮನೆಯಲ್ಲಿ ಬಸುರಿಯರಿದ್ದರೆ ಆ ಟ್ರೇಯನ್ನು ಅವರು ಮುಟ್ಟದಿರಲಿ. ಬೆಕ್ಕಿನ ಮಲದಿಂದ ಹರಡುವ ಒಂದು ಸೋಂಕು ಹೊಟ್ಟೆಯಲ್ಲಿರುವ ಕೂಸಿಗೆ ಕೆಡುಕು.

ಗಾಯಕ್ಕೆ ಏನು ಹಚ್ಚಬೇಕು?

ಏನೂ ಹಚ್ಚಬಾರದು. ದೊಡ್ಡಮ್ಮನಿಗೂ ನನಗೂ ದಿನಾ ಜಗಳವಾದದ್ದು ಇದಕ್ಕೇ. "ಅರಿಶಿನ ಎಣ್ಣೆ ಹಚ್ಚಿದ್ರೆ ಏನಾಗ್ತತಿ? ನಿಂಗೂ ಹಚ್ಚಿ ದೊಡ್ಡ ಮಾಡಿಲ್ಲೇನು?" ನನಗೆ ಹಚ್ಚಿದ್ದು ನಿಜ, ನಾನು ನೆಕ್ಕುತ್ತಿರಲಿಲ್ಲ. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ಹೊಟ್ಟೆಗೆ ಇಳಿಸುತ್ತದೆ. ಅಷ್ಟೇ ಅಲ್ಲ, ಅರಿಶಿನ ಬಳಿದ ಹೊಲಿಗೆ ಕೆಂಪಾಗಿದೆಯೋ ಇಲ್ಲವೋ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ, ಎಣ್ಣೆ ಗಾಯವನ್ನು ಒಣಗಲು ಬಿಡುವುದಿಲ್ಲ. ಡೆಟ್ಟಾಲ್ ಬೇಡವೇ ಬೇಡ. ಅದರಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ. ಸುತ್ತಮುತ್ತ ಕೊಳೆಯಾಗಿದ್ದರೆ ಸಲೈನಿನಲ್ಲಿ, ಇಲ್ಲವೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಮಚ ಉಪ್ಪು ಕರಗಿಸಿದ ನೀರಿನಲ್ಲಿ, ಬ್ಯಾಂಡೇಜ್ ಬಟ್ಟೆ ಅದ್ದಿ ಮೆಲ್ಲಗೆ ಒತ್ತಿ ಒಣಗಿಸಿ. ಹೊಲಿಗೆ ಬಿಚ್ಚುವವರೆಗೆ ಸ್ನಾನವಿಲ್ಲ.

ನೆಕ್ಕದಂತೆ ತಡೆಯುವುದೇ ದೊಡ್ಡ ಔಷಧಿ. ಬೆಕ್ಕಿನ ನಾಲಿಗೆಯ ತುಂಬ ಹಿಮ್ಮುಖವಾಗಿ ಬಾಗಿದ ಮುಳ್ಳುಗಳಿವೆ. ಬಾಯಿಗೆ ಸಿಕ್ಕ ದಾರವನ್ನು ಅದು ಉಗಿಯಲಾರದೆ ನುಂಗುವುದೂ, ಹೊಲಿಗೆಯನ್ನು ಕೆಲವೇ ನಿಮಿಷದಲ್ಲಿ ಕಿತ್ತುಹಾಕುವುದೂ ಆ ಮುಳ್ಳಿನಿಂದಲೇ. ಕೊರಳಿಗೆ ಹಾಕುವ ಆಲಿಕೆಯಾಕಾರದ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗದಿದ್ದರೆ ಹಳೇ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಮಾಡಬಹುದು. ಅಂಚಿಗೆ ಮೆತ್ತನೆಯ ಟೇಪ್ ಸುತ್ತಿ. ಪಟ್ಟಿ ಮೂಗಿನ ತುದಿಗಿಂತ ಒಂದು ಬೆರಳು ಮುಂದೆ ಚಾಚಿರಬೇಕು, ಕತ್ತಿನ ಹತ್ತಿರ ಎರಡು ಬೆರಳು ತೂರಬೇಕು. ಅದನ್ನು ಹಾಕಿಸಿಕೊಂಡ ಬೆಕ್ಕು ಹಿಂದೆ ಹಿಂದೆ ನಡೆಯುತ್ತದೆ, ಗೋಡೆಗೆ ಗುದ್ದುತ್ತದೆ. ಒಂದು ದಿನದ ಮಾತು. ಒಪ್ಪದಿದ್ದರೆ ಹಳೇ ಸ್ವೆಟರಿನ ತೋಳು ಕತ್ತರಿಸಿ ನಾಲ್ಕು ಕಾಲಿಗೆ ತೂತು ಮಾಡಿ ಅಂಗಿಯಂತೆ ತೊಡಿಸಿ. ಬಾಲದ ಕಡೆ ಉಚ್ಚೆಗೆ ತೊಂದರೆಯಾಗದಷ್ಟು ತೆರವಿರಲಿ, ಒದ್ದೆಯಾದೊಡನೆ ಬದಲಿಸಿ.

ದಿನಾ ಬೆಳಿಗ್ಗೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಹೊಲಿಗೆಯ ಫೋಟೊ ತೆಗೆದಿಟ್ಟುಕೊಳ್ಳಿ. ಈ ಇಡೀ ಲೇಖನದಲ್ಲಿ ಒಂದೇ ಸಲಹೆ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ಕಣ್ಣಿಗೆ ನಿನ್ನೆಯದು ನೆನಪಿರುವುದಿಲ್ಲ, ಫೋನಿಗೆ ಇರುತ್ತದೆ. ಶಿವಮೊಗ್ಗದ ಡಾಕ್ಟರಿಗೆ ತಾಳಗುಂದದ ಹೊಟ್ಟೆ ತೋರಿಸಲು ಬೇರೆ ದಾರಿಯೂ ಇಲ್ಲ. ಮೊದಲೆರಡು ದಿನ ಅಂಚು ತುಸು ಕೆಂಪಾಗಿರುವುದು, ಎರಡು ಹನಿ ತಿಳಿರಕ್ತ ಒಸರುವುದು, ಹೊಲಿಗೆಯ ಕೆಳಗೆ ನೋವಿಲ್ಲದ ಸಣ್ಣ ಗಂಟು ಬರುವುದು ಸಾಮಾನ್ಯ. ದಿನದಿಂದ ದಿನಕ್ಕೆ ಇವೆಲ್ಲ ಇಳಿಯಬೇಕು. ಏರುತ್ತಿದ್ದರೆ ಫೋನ್ ಮಾಡಿ.

ನೋವಿನ ಮಾತ್ರೆ

ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಬೆಕ್ಕಿನ ತೂಕ ನಾಲ್ಕು ಕಿಲೋ ಮುಟ್ಟುವುದಿಲ್ಲ. ಎಲ್ಲರ ಮನೆಯಲ್ಲೂ ಇರುವ ಜ್ವರದ ಮಾತ್ರೆ ಪ್ಯಾರಸಿಟಮಾಲ್ 500 ಮಿಲಿಗ್ರಾಂ. ಒಂದು ಮಾತ್ರೆ ಕೊಟ್ಟರೆ ಕಿಲೋಗೆ 125 ಮಿಲಿಗ್ರಾಂಗಿಂತಲೂ ಹೆಚ್ಚು ಬಿದ್ದಂತಾಯಿತು. ಕಿಲೋಗೆ 10 ಮಿಲಿಗ್ರಾಂ ಕೂಡ ಬೆಕ್ಕಿಗೆ ವಿಷವಾದದ್ದಿದೆ. ಕಾಲು ಮಾತ್ರೆಯೂ ಕೊಲ್ಲಬಲ್ಲದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ವಸಡು ಕಂದು ಅಥವಾ ನೀಲಿಗೆ ತಿರುಗುತ್ತದೆ, ಮುಖ ಊದುತ್ತದೆ. ಯಾರೋ ಕೊಟ್ಟುಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಬೇಗ ತಲುಪಿದರೆ ಅದಕ್ಕೆ ಮದ್ದುಂಟು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದೂ ಸಲ್ಲದು. ನಾಯಿಗೆ ಬರೆದುಕೊಟ್ಟ ನೋವಿನ ಔಷಧಿ ಉಳಿದಿದೆಯೆಂದು ಅಂದಾಜಿನ ಮೇಲೆ ಕೊಟ್ಟರೆ ಮೂತ್ರಪಿಂಡ ಹೋಗುತ್ತದೆ. ಬೆಕ್ಕಿಗೆಂದು, ಅದರ ತೂಕ ನೋಡಿ ಬರೆದದ್ದನ್ನು ಮಾತ್ರ, ಬರೆದಷ್ಟು ದಿನ ಮಾತ್ರ ಕೊಡಿ.

ನೋವಿದೆಯೆಂದು ತಿಳಿಯುವುದು ಹೇಗೆ? ದನ ನೋವಿಗೆ ನರಳುತ್ತದೆ, ನಾಯಿ ಕುಂಯ್ಗುಡುತ್ತದೆ, ಬೆಕ್ಕು ಸುಮ್ಮನಾಗುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖ ನೋಡಿಯೇ ನೋವನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ನೋಡಬೇಕಾದದ್ದು ಐದು: ಕಿವಿ ಪಕ್ಕಕ್ಕೆ ತಿರುಗಿ ಚಪ್ಪಟೆಯಾಗಿದೆಯೆ, ಕಣ್ಣು ಕಿರಿದಾಗಿದೆಯೆ, ಮೂತಿ ಬಿಗಿದಿದೆಯೆ, ಮೀಸೆ ನೆಟ್ಟಗಾಗಿದೆಯೆ, ತಲೆ ಹೆಗಲಿಗಿಂತ ಕೆಳಗಿದೆಯೆ. ಗುರ್ರ್ ಗುರ್ರ್ ಎನ್ನುತ್ತಿದೆ, ಹಾಗಾಗಿ ಹಾಯಾಗಿದೆ ಎಂದುಕೊಳ್ಳಬೇಡಿ. ನೋವಿನಲ್ಲೂ ಬೆಕ್ಕು ಗುರುಗುಡುತ್ತದೆ.

ಮಾತ್ರೆ ನುಂಗಿಸುವಾಗ ಟವೆಲಿನಲ್ಲಿ ಕಾಲುಗಳನ್ನೆಲ್ಲ ಸೇರಿಸಿ ಸುತ್ತಿ, ತಲೆ ಮಾತ್ರ ಹೊರಗಿರಲಿ. ನಾಲಿಗೆಯ ಹಿಂಭಾಗಕ್ಕೆ ಮಾತ್ರೆ ಇಟ್ಟು, ಕೂಡಲೇ ಕೆನ್ನೆಯ ಸಂದಿನಿಂದ ಸಿರಿಂಜಿನಲ್ಲಿ ಐದು ಮಿಲಿ ನೀರು ಮೆಲ್ಲಗೆ ಬಿಡಿ. ಒಣ ಮಾತ್ರೆ ಅನ್ನನಾಳದಲ್ಲೇ ಉಳಿದು ಹುಣ್ಣು ಮಾಡುತ್ತದೆ, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಇದರಲ್ಲಿ ಕುಖ್ಯಾತ. ಕಚ್ಚಿಸಿಕೊಂಡರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ರೇಬೀಸ್ ನಾಯಿಗಷ್ಟೇ ಬರುವುದಲ್ಲ.

ಮಾಂಸ ಬೇಯಿಸದ ಮನೆಯಲ್ಲಿ ಪಥ್ಯ

ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಂತೆ. ಆಪರೇಷನ್ ಆದ ಬೆಕ್ಕಿನ ವಿಷಯದಲ್ಲಿ ಅದೇ ಒಳ್ಳೆಯದು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಹೊಲಿದ ಕರುಳಿಗೆ ಭೇದಿ ಬೇಡ.

"ಇಷ್ಟು ವರ್ಷ ಹಾಲನ್ನ ತಿಂದೇ ಬದುಕಿಲ್ಲೇನು?" ಎಂದರು ದೊಡ್ಡಮ್ಮ. ಬದುಕಿದ್ದು ಹಾಲನ್ನದಿಂದಲ್ಲ, ಇಲಿಯಿಂದ. ಬೆಕ್ಕಿಗೆ ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಬೇಕೇಬೇಕು. ಅನ್ನದ ಕೊರತೆಯನ್ನು ಅದು ಬೇಟೆಯಲ್ಲಿ ತುಂಬಿಕೊಳ್ಳುತ್ತದೆ. ಪಂಜರದಲ್ಲಿಟ್ಟ ಹದಿನಾಲ್ಕು ದಿನ ಇಲಿಯೂ ಇಲ್ಲ, ಗಾಯ ಮಾಯಲು ಪ್ರೋಟೀನ್ ಮಾತ್ರ ಎಂದಿಗಿಂತ ಹೆಚ್ಚು ಬೇಕು. ಮಾಂಸ ತಿನ್ನುವ ಮನೆಯವರಿಗೆ ಇದು ಸಲೀಸು: ಎಲುಬಿಲ್ಲದ ಕೋಳಿ ಅಥವಾ ಮುಳ್ಳು ತೆಗೆದ ಮೀನನ್ನು ಬರೀ ನೀರಲ್ಲಿ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿ ಕೊಡುವುದು. ನಿಮ್ಮ ಸಾರಿನಿಂದ ಎತ್ತಿ ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಅಂಗಡಿಯ ಮೆತ್ತನೆಯ ಬೆಕ್ಕಿನ ಊಟದ ಪೊಟ್ಟಣ ತಂದೆವು. ಹಿತ್ತಲಿನಾಚೆಯ ಮನೆಯವರು ಮೀನು ಮಾಡಿದ ದಿನ ಉಪ್ಪು ಹಾಕುವ ಮೊದಲೇ ಒಂದು ತುಂಡು ಬೇಯಿಸಿ ಬಟ್ಟಲಲ್ಲಿ ಕೊಟ್ಟು ಕಳಿಸಿದರು. ದೊಡ್ಡಮ್ಮ ಬಟ್ಟಲು ಮುಟ್ಟಲಿಲ್ಲ. ಆದರೆ ತಿಂದಿತೋ ಇಲ್ಲವೋ ಎಂದು ಬಾಗಿಲ ಸಂದಿಯಿಂದ ನೋಡುತ್ತಿದ್ದರು.

ದಿನಕ್ಕೆ ಐದಾರು ಸಲ, ಸಲಕ್ಕೆ ಒಂದೆರಡು ಚಮಚ, ಉಗುರುಬೆಚ್ಚಗೆ ಕೊಡಿ. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ವಾಸನೆ ಇಲ್ಲದ್ದನ್ನು ಬೆಕ್ಕು ತಿನ್ನುವುದಿಲ್ಲ. ಕೊರಳಪಟ್ಟಿ ಅಡ್ಡ ಬಂದರೆ ಬಟ್ಟಲನ್ನು ಇಟ್ಟಿಗೆಯ ಮೇಲೆ ಎತ್ತರಿಸಿ. ಒಂದು ಪೂರ್ತಿ ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ತಿಳಿಸಿ. ಬೆಕ್ಕಿಗೆ ಉಪವಾಸ ಒಗ್ಗುವುದಿಲ್ಲ. ಎರಡು ಮೂರು ದಿನ ಬಿಟ್ಟರೆ ಮೈಯ ಕೊಬ್ಬು ಪಿತ್ತಜನಕಾಂಗದಲ್ಲಿ ತುಂಬಿಕೊಂಡು ಅದೇ ಇನ್ನೊಂದು ಕಾಯಿಲೆಯಾಗುತ್ತದೆ. ದಪ್ಪಗಿರುವ ಬೆಕ್ಕಿಗೆ ಈ ಭಯ ಹೆಚ್ಚು. ಮಲ ಎರಡು ಮೂರು ದಿನ ಬಾರದಿದ್ದರೆ ಚಿಂತೆಯಿಲ್ಲ. ಉಚ್ಚೆ ಒಂದು ದಿನದೊಳಗೆ ಬರಲೇಬೇಕು. ಗಂಡುಬೆಕ್ಕು ಮತ್ತೆ ಮತ್ತೆ ತಿಣುಕಿಯೂ ಉಚ್ಚೆ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಯಾವಾಗ ಓಡಬೇಕು

ವಸಡು ನಸುಗೆಂಪಿರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಸುಣ್ಣದಂತೆ ಬಿಳಿಚಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಬೆಕ್ಕಿನ ಮೈಬಿಸಿ ಸಹಜವಾಗಿಯೇ ನಮಗಿಂತ ಹೆಚ್ಚು, 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಹಾಗಾಗಿ ಕೈಗೆ ಬಿಸಿಯಾಯಿತೆಂದು ಜ್ವರವಲ್ಲ. ಥರ್ಮಾಮೀಟರಿನಲ್ಲಿ 103 ದಾಟಿದರೆ ಅಥವಾ 99ಕ್ಕಿಂತ ಇಳಿದರೆ ತಿಳಿಸಿ. ಮಲಗಿ ನಿದ್ದೆ ಮಾಡುತ್ತಿರುವಾಗ ನಿಮಿಷಕ್ಕೆ ನಲವತ್ತಕ್ಕಿಂತ ಹೆಚ್ಚು ಉಸಿರು, ಬಾಯಿ ತೆರೆದು ಉಸಿರಾಟ, ನಿಲ್ಲದ ವಾಂತಿ, ಕೀವು, ಕೆಟ್ಟ ವಾಸನೆ ಇವು ಅದೇ ದಿನ ನೋಡಿಸಬೇಕಾದವು. ಕರುಳು ಹೊಲಿದ ಬೆಕ್ಕಾದರೆ ಮೂರರಿಂದ ಐದನೆಯ ದಿನ ಎಲ್ಲಕ್ಕಿಂತ ನಾಜೂಕು. ಕರುಳಿನ ಹೊಲಿಗೆ ಸೋರುವುದಾದರೆ ಬಹುಪಾಲು ಆಗಲೇ. ತಿನ್ನುತ್ತಿದ್ದ ಬೆಕ್ಕು ಆ ದಿನಗಳಲ್ಲಿ ದಿಢೀರನೆ ಊಟ ಬಿಟ್ಟು, ವಾಂತಿ ಮಾಡಿ, ಹೊಟ್ಟೆ ಮುಟ್ಟಗೊಡದಿದ್ದರೆ ಗಂಟೆಗಳ ಲೆಕ್ಕ.

ಹೊಲಿಗೆ ಬಿಚ್ಚಿಕೊಂಡು ಒಳಗಿನದು ಹೊರಗೆ ಕಂಡರೆ ಒಳಗೆ ತಳ್ಳಬೇಡಿ. ಶುಭ್ರ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ ಮೇಲೆ ಹೊದಿಸಿ, ಸಡಿಲವಾಗಿ ಸುತ್ತಿ, ಕೊರಳಪಟ್ಟಿ ಹಾಕಿ ಹೊರಡಿ. ತಾಳಗುಂದದಿಂದ ಮೊದಲು ಸಿಗುವುದು ತಾಲ್ಲೂಕಿನ ಪಶು ಆಸ್ಪತ್ರೆ. ಮತ್ತೆ ಹೊಟ್ಟೆ ತೆರೆಯಬೇಕಾದರೆ ಶಿವಮೊಗ್ಗ, ಅಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೂ ಇದೆ. ಸರ್ಕಾರದ ಪಶುವೈದ್ಯ ಸಹಾಯವಾಣಿ 1962. ಹೊರಡುವ ಮೊದಲು ಫೋನ್ ಮಾಡಿ ಶಸ್ತ್ರಚಿಕಿತ್ಸೆ ಮಾಡುವವರು ಇದ್ದಾರೆಯೇ ಎಂದು ಕೇಳಿಕೊಳ್ಳಿ. ಮುಚ್ಚಿದ ಬಾಗಿಲ ಮುಂದೆ ಕಳೆದ ಅರ್ಧ ಗಂಟೆ ನನಗೆ ಮರೆತಿಲ್ಲ. ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಬೈಕಿನಲ್ಲಿ ಒಯ್ಯಬೇಡಿ. ಗಾಳಿಯಾಡುವ ಗಟ್ಟಿ ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆ, ತಳಕ್ಕೆ ಬಟ್ಟೆ, ಮೇಲೆ ಹಗ್ಗ.

ನಮ್ಮದಕ್ಕೆ ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು. ಇನ್ನೂ ಎರಡು ದಿನ ಒಳಗಿಟ್ಟು ಹದಿನಾಲ್ಕನೆಯ ಸಂಜೆ ಬಾಗಿಲು ತೆರೆದೆವು. ನೇರ ಬಚ್ಚಲೊಲೆಗೆ ಹೋಯಿತು. ಚೀಟಿಯಲ್ಲಿ ಹೆಸರು ಇವತ್ತಿಗೂ "ಬೆಕ್ಕು" ಎಂದೇ ಇದೆ.

ದೊಡ್ಡಮ್ಮ ಹೂ ಕಟ್ಟುವುದನ್ನು ಬಿಟ್ಟಿಲ್ಲ. ದಾರದ ಉಂಡೆ ಮಾತ್ರ ಈಗ ಮುಚ್ಚಳವಿರುವ ಡಬ್ಬಿಯಲ್ಲಿದೆ. ನಿಮ್ಮ ಮನೆಯ ದಾರ, ಸೂಜಿ, ಗಾಳಿಪಟದ ನೂಲನ್ನೂ ಇವತ್ತೇ ಒಂದು ಡಬ್ಬಿಗೆ ಹಾಕಿ ಮುಚ್ಚಿಡಿ.